ಬಾಯಿ ಮೇಲೆ ಬೆರಳು

ಅಫಜಲಪುರದ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಗೊಬ್ಬರದ ಅಂಗಡಿ. ಅದರ ಮಹಡಿಯ ಮೇಲೆ ವ್ಯಂಕಟೇಶ ಸರ್ ನರ್ಸರಿ ಶಾಲೆ ತೆಗೆದಿದ್ದರು. ಎರಡು ಕೋಣೆ, ನಡುವೆ ಒಂದು ಬಾಗಿಲು, ಮೂಲೆಯಲ್ಲಿ ಒಂದೇ ಪಾಯಿಖಾನೆ. ಅಂಗಳವಿರಲಿಲ್ಲ. ಗೋಡೆಯ ಮೇಲೆ ಮಾತ್ರ ಹಸಿರು ಹುಲ್ಲು, ಮೊಲ, ಚಿಟ್ಟೆಗಳನ್ನು ಬರೆಸಿದ್ದರು. ಬಿಸಿಲೇರಿತೆಂದರೆ ಕೆಳಗಿನ ಅಂಗಡಿಯ ಕೀಟನಾಶಕದ ಘಾಟು ಮೆಟ್ಟಿಲು ಹತ್ತಿ ಮೇಲೆ ಬರುತ್ತಿತ್ತು.

ಅನುಜಾ ಅಲ್ಲಿ ಎಲ್‌ಕೆಜಿ ಟೀಚರಾಗಿ ಸೇರಿದ್ದು ಜೂನ್ ತಿಂಗಳಲ್ಲಿ. ಹವಳಗಾದ ಹುಡುಗಿ, ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಕಲಬುರಗಿಯಲ್ಲಿ ನರ್ಸರಿ ಟ್ರೇನಿಂಗ್ ಮುಗಿಸಿದ್ದಳು. ಅವಳ ಜೊತೆಗೆ ಕಲಿತವರೆಲ್ಲ ಪರೀಕ್ಷೆ ಮುಗಿದದ್ದೇ ಪಾಠಗಳನ್ನು ಮರೆತರು. ಅನುಜಾ ಅವನ್ನು ನಂಬಿಬಿಟ್ಟಿದ್ದಳು. ಸಣ್ಣ ಮಕ್ಕಳು ಮೊದಲು ಕೈಯಿಂದ, ಬಾಯಿಂದ, ಆಟದಿಂದ ಕಲಿಯಬೇಕು, ಪೆನ್ಸಿಲ್ಲು ಆಮೇಲೆ ಎನ್ನುವುದು ಅವಳಿಗೆ ಊಟದಷ್ಟು ಸಹಜವಾದ ಮಾತಾಗಿತ್ತು. ಮನೆಯಿಂದ ಒಂದು ಡಬ್ಬಿ ತುಂಬ ಹುಣಸೆಬೀಜ ತಂದಳು. ಮಕ್ಕಳು ನೆಲದ ಮೇಲೆ ಕುಳಿತು ಬೀಜ ಜೋಡಿಸಿ ಮನೆ ಮಾಡುವರು, ಬಸ್ಸು ಮಾಡುವರು, ಎಣಿಸುವರು, ಚೆಲ್ಲುವರು.

ಅವರಲ್ಲಿ ಇರಮ ಎಂಬ ನಾಲ್ಕು ವರ್ಷದ ಹುಡುಗಿ ಮಾತೇ ಆಡುತ್ತಿರಲಿಲ್ಲ. ತಾಯಿ ಗುಲಫಶಾ ಬೆಳಿಗ್ಗೆ ಬಿಟ್ಟು ಹೋದ ಜಾಗದಲ್ಲೇ ಮಧ್ಯಾಹ್ನದವರೆಗೂ ಕೂತಿರುತ್ತಿದ್ದಳು. ಕೆಲವರು ಅವಳನ್ನು ಮೂಗಿ ಎಂದೇ ತಿಳಿದಿದ್ದರು. ಅನುಜಾ ಅವಳನ್ನು ಒತ್ತಾಯಿಸಲಿಲ್ಲ. ದಿನಾ ಅವಳ ಮುಂದೊಂದು ಹಿಡಿ ಬೀಜ ಹಾಕಿ, ಪಕ್ಕದಲ್ಲೇ ಕುಳಿತು ತಾನೂ ಏನಾದರೊಂದು ಜೋಡಿಸುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಇರಮ ಬೀಜಗಳನ್ನು ಸಾಲಾಗಿ ಇಟ್ಟು, ಅದರ ಪಕ್ಕ ಒಂದೇ ಒಂದು ಬೀಜವಿಟ್ಟು, ತಲೆ ಎತ್ತದೆ ಹೇಳಿದಳು: "ಯೇ ಬಕ್ರೀ. ಯೇ ಉಸ್ಕಾ ಬಚ್ಚಾ."

ಅನುಜಾ ದನಿ ಏರಿಸದೆ ಕೇಳಿದಳು: "ಹೌದೇನು? ನಿಮ್ಮ ಮನ್ಯಾಗ ಬಕ್ರೀ ಅದ? ನಾವು ಅದಕ್ಕ ಆಡು ಅಂತೇವಿ."

"ಆಡು," ಎಂದಳು ಇರಮ.

ಆಮೇಲೆ ಹಿಡಿಯುವವರಿರಲಿಲ್ಲ. ಅರ್ಧ ಉರ್ದು, ಅರ್ಧ ಕನ್ನಡ, ಮನೆಯ ಸುದ್ದಿಯೆಲ್ಲ ಕ್ಲಾಸಿಗೆ ಬಂತು. ಆಡಿಗೆ ಮರಿಯಾದದ್ದು, ಅದು ಎದ್ದು ನಿಲ್ಲಲು ಹೋಗಿ ಬಿದ್ದದ್ದು, ಅವಳ ಅಬ್ಬಾ ಬೈದದ್ದು. ಉಳಿದ ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದರು. ಆ ದಿನಗಳಲ್ಲಿ ಅನುಜಾ ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಒಬ್ಬಳೇ ನಗುತ್ತಿದ್ದಳು.

ದೀಪಾವಳಿ ಆದ ಮೇಲೆ ಪಾಲಕರ ಸಭೆ ನಡೆಯಿತು. ಕೋರ್ಟಿನಲ್ಲಿ ಗುಮಾಸ್ತನಾಗಿದ್ದ ವಿಕ್ರಮ ತನ್ನ ಮಗ ಸುಶಾಂತನ ವಹಿಯನ್ನು ಎಲ್ಲರೆದುರು ಬಿಚ್ಚಿ ಹಿಡಿದ.

"ಟೀಚರ್ರಿ, ನೋಡ್ರಿ ಇದನ್ನ. ಐದು ತಿಂಗಳಾತು, ಬರೇ ಬಿಳೀ ಹಾಳಿ. ನಮ್ಮ ಬಾಜೂ ಮನಿ ಕೂಸು ಬ್ಯಾರೆ ಸಾಲಿಗೆ ಹೋಗ್ತದ, ನೂರರತನಾ ಬರೀತದ. ನಮ್ಮಂವ ಮನಿಗೆ ಬಂದು ಬೀಜಾ ಎಣಸ್ಕೋತ ಕೂಡ್ತಾನ."

"ಈ ವಯಸ್ಸಿಗೆ ಬೆರಳು ಇನ್ನಾ ಗಟ್ಟಿ ಆಗಿರೂದಿಲ್ರಿ," ಎಂದಳು ಅನುಜಾ. "ಮೊದಲ ಮಾತು ಬರ್ಲಿ, ಎಣಿಕಿ ತಿಳೀಲಿ..."

"ಅದೆಲ್ಲಾ ಮನ್ಯಾಗ ಕಲೀತಾವ ಬಿಡ್ರಿ. ಸಾಲಿಗೆ ಯಾಕ ಕಳಸ್ತೀವಿ ಮತ್ತ?"

ಎಲ್ಲರೂ ತಲೆಯಾಡಿಸಿದರು. ಸಭೆ ಮುಗಿದ ಮೇಲೆ ವ್ಯಂಕಟೇಶ ಸರ್ ಅವಳನ್ನು ಕರೆದರು. ಕೆಟ್ಟ ಮನುಷ್ಯರಲ್ಲ. ಎಂದೂ ಅವಳಿಗೆ ಏರುದನಿಯಲ್ಲಿ ಮಾತಾಡಿದವರಲ್ಲ.

"ನೀವು ಹೇಳೂದು ಸುಳ್ಳಲ್ಲ ಅನುಜಾ. ಆದ್ರ ಹಿಂದಿನ ಓಣ್ಯಾಗ ಹೊಸಾ ಸಾಲಿ ಸುರು ಆಗೇದ. ನಾಳೆ ಈ ಮಂದಿ ಎಲ್ಲಾ ಅಲ್ಲಿಗೆ ಹೋದ್ರ ನಾ ಬಾಗ್ಲಾ ಹಾಕ್ಕೊಂಡು ಹೋಗಬೇಕಾಗ್ತದ. ಸ್ವಲ್ಪ ಬರಸ್ರಿ. ಅಷ್ಟ."

ಅನುಜಾ ಸ್ವಲ್ಪ ಬರೆಸತೊಡಗಿದಳು. ಅಷ್ಟರಲ್ಲಿ ಯುಕೆಜಿಯ ಸುಲಭಾ ಟೀಚರ್ ಹೆರಿಗೆಗೆ ತವರಿಗೆ ಹೋದಳು. ಬೇರೆಯವರು ಸಿಗುವವರೆಗೆ ಎಂದು ಹೇಳಿ ನಡುವಿನ ಬಾಗಿಲು ತೆಗೆದು ಎರಡೂ ಕೋಣೆಯ ಮಕ್ಕಳನ್ನು ಅವಳಿಗೇ ಒಪ್ಪಿಸಿದರು. ಬೇರೆಯವರು ಸಿಗಲಿಲ್ಲ. ಒಬ್ಬನನ್ನು ಪಾಯಿಖಾನೆಗೆ ಕರೆದೊಯ್ದರೆ ಇಲ್ಲಿ ಇಬ್ಬರು ಕಚ್ಚಾಡುತ್ತಿದ್ದರು. ಅವರನ್ನು ಬಿಡಿಸುವಷ್ಟರಲ್ಲಿ ಇನ್ನೊಬ್ಬ ಮೆಟ್ಟಿಲ ಹತ್ತಿರ ಇರುತ್ತಿದ್ದ.

ಇಂಥದೇ ಒಂದು ಗದ್ದಲದಲ್ಲಿ ಸುಶಾಂತ ಹುಣಸೆಬೀಜವೊಂದನ್ನು ಮೂಗಿಗೆ ತುರುಕಿಕೊಂಡ. ರಕ್ತ ಬಂತು. ಅವನನ್ನೆತ್ತಿಕೊಂಡು ಅನುಜಾ ದವಾಖಾನೆಗೆ ಓಡಿದಳು. ಡಾಕ್ಟರು ಬೀಜ ತೆಗೆದರು, ಹುಡುಗನಿಗೆ ಏನೂ ಆಗಲಿಲ್ಲ. ಆದರೆ ವಿಕ್ರಮ ಬಂದು ಬಾಯಿಗೆ ಬಂದಂತೆ ಬೈದ. ಅವನು ಹೋದ ಮೇಲೆ ವ್ಯಂಕಟೇಶ ಸರ್ ಡಬ್ಬಿ ಎತ್ತಿಕೊಂಡು ಹೋಗಿ ಬೀಜಗಳನ್ನೆಲ್ಲ ಚರಂಡಿಗೆ ಸುರಿದರು. ಅನುಜಾ ಅವರನ್ನು ತಡೆಯಲಿಲ್ಲ. ಯಾವ ಬಾಯಿಂದ ತಡೆಯುವುದು? ಮಗುವಿನ ರಕ್ತದ ಕಲೆ ಇನ್ನೂ ಅವಳ ಸೆರಗಿನ ಮೇಲಿತ್ತು.

ಅಂದಿನಿಂದ ವಹಿ, ಪೆನ್ಸಿಲ್ಲು, ಬಾಯಿ ಮೇಲೆ ಬೆರಳು. ಮಕ್ಕಳು ಬೇಗ ರೂಢಿ ಮಾಡಿಕೊಂಡರು. ಇರಮಳಿಗೆ ಮಾತ್ರ ರೂಢಿಯಾಗಲಿಲ್ಲ. ತಡವಾಗಿ ಬಾಯಿ ಬಿಟ್ಟವಳಿಗೆ ಮುಚ್ಚಲು ಬರುತ್ತಿರಲಿಲ್ಲ.

ಕಬ್ಬು ಕಡಿಯುವ ಕಾಲ. ಒಂದು ಬೆಳಿಗ್ಗೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು ಬಸ್ಸು ತಡವಾಯಿತು. ಬೆಳಿಗ್ಗೆ ಕಸ ಗುಡಿಸಿ ಹೋಗುತ್ತಿದ್ದ ಆಯಾ ಅಂದು ರಜೆ ಹಾಕಿದ್ದಳು. ಅನುಜಾ ಮೇಲೆ ಬಂದಾಗ ಒಂದು ಮಗು ವಾಂತಿ ಮಾಡಿಕೊಂಡಿತ್ತು, ಅದನ್ನು ಕಂಡು ಇನ್ನೆರಡು ಅಳುತ್ತಿದ್ದವು, ಹೊಸ ಪಾಲಕರೊಬ್ಬರು ಶಾಲೆ ನೋಡಲು ಬಂದು ಬಾಗಿಲಲ್ಲಿ ಮೂಗು ಮುಚ್ಚಿಕೊಂಡು ನಿಂತಿದ್ದರು. ಅವಳು ಬಗ್ಗಿ ನೆಲ ಒರೆಸುವಾಗ ಇರಮ ಬಂದು ಸೆರಗು ಜಗ್ಗಿದಳು.

"ಟೀಚರ್, ಬಕ್ರೀ ಕಾ ಬಚ್ಚಾ... ಟೀಚರ್..."

"ಕೂಡು ಹೋಗು."

"ಟೀಚರ್, ಟೀಚರ್, ಓ ಬಚ್ಚಾ..."

ಟೇಬಲ್ಲಿನ ಮೇಲಿದ್ದ ಸ್ಕೇಲು ಕೈಗೆ ಹೇಗೆ ಬಂತೋ ಅನುಜಾಳಿಗೆ ತಿಳಿಯಲಿಲ್ಲ. ಹುಡುಗಿಯ ಕೈಯ ಮೇಲೆ ಚಟ್ಟೆಂದು ಬಿತ್ತು. ಒಮ್ಮೆ, ಮತ್ತೊಮ್ಮೆ. "ಬಾಯಿ ಮ್ಯಾಲೆ ಬೆರಳು!" ಎಂದು ಕಿರುಚಿದಳು. ಕೋಣೆಯೆಲ್ಲ ಒಮ್ಮೆಲೇ ಸ್ತಬ್ಧವಾಯಿತು. ಬಂದಿದ್ದ ಪಾಲಕರ ಮುಖದಲ್ಲಿ ಮೆಚ್ಚುಗೆ ಕಾಣಿಸಿತು. ಇರಮ ಅಳಲಿಲ್ಲ. ಬಾಸುಂಡೆ ಎದ್ದ ಕೈಯನ್ನೇ ಎತ್ತಿ ಬೆರಳನ್ನು ತುಟಿಗಿಟ್ಟುಕೊಂಡಳು. ಅವಳ ಕಾಲಡಿ ನೆಲ ಒದ್ದೆಯಾಯಿತು.

ಮರುದಿನದಿಂದ ಅವಳು ಮಾತಾಡಲಿಲ್ಲ. ಅನುಜಾ ಬೋರ್ಡಿನ ಮೇಲೆ ಆಡಿನ ಚಿತ್ರ ಬರೆದಳು, ಪಕ್ಕಕ್ಕೆ ಕೂಡಿಸಿಕೊಂಡು ತಲೆ ಸವರಿದಳು, ಅವಳ ಭಾಷೆಯಲ್ಲೇ ತಪ್ಪುತಪ್ಪಾಗಿ ಕೇಳಿದಳು. ಹುಡುಗಿ ಬೋರ್ಡು ನೋಡಿ ಆಡನ್ನು ವಹಿಯಲ್ಲಿ ನಕಲು ಮಾಡಿ ತಂದು ತೋರಿಸಿದಳು.

ವಾರ ಕಳೆದ ಮೇಲೆ ತಡೆಯಲಾರದೆ ಶಾಲೆ ಬಿಟ್ಟದ್ದೇ ಅವಳ ಮನೆ ಹುಡುಕಿಕೊಂಡು ಹೋದಳು. ಗುಲಫಶಾ ಹೊಲಿಗೆ ಮಷೀನಿನಿಂದ ಎದ್ದು ಬಂದು ಖುರ್ಚಿ ಒರೆಸಿ ಕೂಡಿಸಿದಳು, ಚಹಾ ಇಟ್ಟಳು.

"ನಾ ನಿಮ್ಮ ಮಗಳಿಗೆ ಹೊಡದೇನ್ರಿ," ಎಂದಳು ಅನುಜಾ. "ತಪ್ಪಾತು. ಮಾಫಿ ಕೇಳಾಕ ಬಂದೇನಿ."

ಗುಲಫಶಾ ಅವಳ ಮುಖ ನೋಡಿ ನಕ್ಕಳು. "ಅಯ್ಯ, ಇದಕ್ಕ ಯಾಕ ಇಷ್ಟು ಮನಸ್ಸಿಗೆ ಹಚ್ಕೊಂಡೀರಿ? ಛಲೋ ಮಾಡೀರಿ. ನೋಡ್ರಿಲ್ಲೆ, ಎಷ್ಟು ಚಂದ ಬರೀತಾಳ ಈಗ."

ಮೂಲೆಯಲ್ಲಿ ಇರಮ ವಹಿಯ ಮೇಲೆ ಬಗ್ಗಿ ಬರೆಯುತ್ತಿದ್ದಳು. ಟೀಚರ್ ಬಂದದ್ದು ನೋಡಿಯೂ ತಲೆ ಎತ್ತಲಿಲ್ಲ.

"ಮಾತು ಬಿಟ್ಟಾಳಲ್ಲರಿ?"

"ಬಕ್ರೀ ಮರಿ ಸತ್ತಾಗ ಭಾಳ ಅತ್ತಿದ್ಳು. ಮುಂಜಾನೆ ನನಗ ಹೇಳಿದ್ಳು, ಟೀಚರ್‌ಗೆ ಹೇಳ್ತೇನಿ ಅಂತ. ಅವತ್ತಿಂದ ಶಾಣೆ ಆಗ್ಯಾಳ ನೋಡ್ರಿ, ಮನ್ಯಾಗೂ ಗದ್ಲ ಇಲ್ಲ."

ಅನುಜಾ ಚಹಾದ ಕಪ್ಪನ್ನು ಕೆಳಗಿಟ್ಟಳು. ಅವಳೇನೋ ಹೇಳಲು ಬಾಯಿ ತೆರೆದಳು. ಗುಲಫಶಾ ಮಗಳ ಬೆನ್ನ ಮೇಲೆ ಕೈಯಿಟ್ಟು, ಈಗ ನಗದೆ ಹೇಳಿದಳು:

"ನನಗ ಯಾರೂ ಹೊಡದೂ ಕಲಸ್ಲಿಲ್ರಿ, ಬೈದೂ ಕಲಸ್ಲಿಲ್ಲ. ಬಸ್ಸಿನ ಬೋರ್ಡ್ ಓದಾಕ ಮಂದೀನ ಕೇಳ್ತೇನಿ. ಇಕೀನ ಹಂಗ ಬಿಡಬ್ಯಾಡ್ರಿ. ಹೊಡೀರಿ. ನಿಮ್ಮ ಕೈಯಾಗ ಹಾಕೇವಿ."

ಟ್ರೇನಿಂಗಿನಲ್ಲಿ ಇದಕ್ಕೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಅನುಜಾ ಚಹಾ ಕುಡಿದು ಎದ್ದು ಬಂದಳು.

ಮಾರ್ಚ್‌ನಲ್ಲಿ ಶಾಲೆಯ ವಾರ್ಷಿಕೋತ್ಸವದಲ್ಲಿ ಇರಮಳಿಗೆ ಚಂದದ ಅಕ್ಷರಕ್ಕೆ ಬಹುಮಾನ ಬಂತು. ಮೈಕಿನಲ್ಲಿ ಹೆಸರು ಕರೆದಾಗ ಉಳಿದ ಮಕ್ಕಳಂತೆ "ಪ್ರೆಸೆಂಟ್" ಎಂದು ಹೇಳಲಿಲ್ಲ. ಎದ್ದು ಹೋಗಿ ಸ್ಟೀಲ್ ಡಬ್ಬಿ ತೆಗೆದುಕೊಂಡು ಬಂದಳು. ಗುಲಫಶಾ ಕಣ್ಣೊರೆಸಿಕೊಂಡಳು. ಆ ವರ್ಷ ಶಾಲೆಗೆ ಹೊಸ ಮಕ್ಕಳು ಬಹಳ ಸೇರಿದರು. ಬಿಟ್ಟು ಹೋಗುತ್ತೇನೆಂದು ಹೇಳಲು ಅನುಜಾ ಎರಡು ಸಲ ವ್ಯಂಕಟೇಶ ಸರ್ ಮನೆ ಬಾಗಿಲವರೆಗೆ ಹೋಗಿ ತಿರುಗಿ ಬಂದಳು. ಬೇರೆ ಎಲ್ಲಿಗೆ ಹೋದರೂ ಅಲ್ಲಿಯೂ ಇವರೇ ಪಾಲಕರು, ಇದೇ ವಹಿ.

ಜೂನ್ ಬಂತು. ಮೊದಲ ದಿನ ಬಾಗಿಲಲ್ಲಿ ಒಂದು ಹೊಸ ಮಗು ತಾಯಿಯ ಸೀರೆ ಹಿಡಿದು ಚೀರುತ್ತಿತ್ತು. "ನೀವು ನಡೀರಿ, ನೋಡಬ್ಯಾಡ್ರಿ," ಎಂದಳು ಅನುಜಾ. ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಒಳಗೆ ಎಳೆದುಕೊಂಡಳು, ಚಿಲಕ ಹಾಕಿದಳು. ಬೋರ್ಡಿನ ಮೇಲೆ ದೊಡ್ಡದಾಗಿ ಇಂಗ್ಲಿಷಿನ 'A' ಬರೆದಳು. ಹಿಂದೆ ಅಳು ಕಡಿಮೆಯಾಗುವುದನ್ನು ಕಾಯುತ್ತ ಅದನ್ನೇ ಮತ್ತೊಮ್ಮೆ ತಿದ್ದಿದಳು.