ಮುಳ್ಳುಹಂದಿಯ ಸೀನು

ಮನೆಮನೆಗೆ ಹೋಗಿ ಕಂಪ್ಯೂಟರ್ ಸರಿಮಾಡುವ ಅವಳನ್ನು ಬಡಾವಣೆಯವರೆಲ್ಲ ರಿಪೇರಿ ಅಕ್ಕ ಎಂದೇ ಕರೆಯುತ್ತಿದ್ದರು. ಒಂದು ಮಧ್ಯಾಹ್ನ ದರ್ಜಿಯೊಬ್ಬನ ಮನೆಯಿಂದ ಕರೆ ಬಂತು. ಅವನ ಕಂಪ್ಯೂಟರಿನ ಸದ್ದೇ ಅಡಗಿಹೋಗಿತ್ತು. ನೋಡಿದರೆ ಸ್ಪೀಕರಿನ ವೈರು ಸಡಿಲವಾಗಿತ್ತಷ್ಟೇ. ಕಿತ್ತು, ಮತ್ತೆ ಒತ್ತಿ ಕೂರಿಸಿದಳು.

"ನನ್ನ ಮಗಳು ದಿನಾ ಕೇಳೋ ಕಥೆ ಇದೆ, ಅದನ್ನೇ ಹಾಕಿ ನೋಡಿ ಅಕ್ಕ," ಎಂದ ದರ್ಜಿ.

ಹಾಕಿದಳು. "ಕಾಡಿನ ಅಂಚಿನಲ್ಲಿ ಒಂದು ಮುಳ್ಳುಹಂದಿ ಇತ್ತು. ಅದನ್ನು ಅಪ್ಪಿಕೊಳ್ಳುವವರೇ ಇರಲಿಲ್ಲ..." ಸ್ಪೀಕರಿನಿಂದ ಹೊರಟಿದ್ದು ಅವಳದೇ ಧ್ವನಿ. ಅವಳೇ ಕಟ್ಟಿದ ಕಥೆ. ಪರದೆಯ ಮೇಲೆ, ಓದಿದವರ ಹೆಸರಿನ ಜಾಗದಲ್ಲಿ, ಅವಳ ನಾದಿನಿಯ ಹೆಸರಿತ್ತು.

ನಾದಿನಿಗೆ ಸಣ್ಣದೊಂದು ರೆಕಾರ್ಡಿಂಗ್ ಕೋಣೆ ಇತ್ತು. ಹಿಂದೊಮ್ಮೆ, "ಅತ್ತಿಗೆ, ಮೈಕು ಹೇಗಿದೆ ನೋಡ್ಬೇಕು, ನಿಮ್ಮ ಕಥೆಗಳನ್ನ ಹೇಳಿ," ಎಂದು ವಾರಗಟ್ಟಲೆ ಕೂರಿಸಿಕೊಂಡಿದ್ದಳು. ಆಮೇಲೆ ಎಲ್ಲರೂ ಊಟಕ್ಕೆ ಕೂತಿದ್ದಾಗ ನಗುತ್ತ ಹೇಳಿದ್ದಳು: "ಎಲ್ಲಾ ಅಳಿಸಿಬಿಟ್ಟೆ ಅತ್ತಿಗೆ. ನಿಮ್ಮ ಧ್ವನಿ ತಳ ಹಿಡಿದ ಪಾತ್ರೆ ಕೆರೆದ ಹಾಗಿದೆ!" ಅತ್ತೆ ನಕ್ಕರು. ಗಂಡನೂ ನಕ್ಕ. ಅಂದಿನಿಂದ ರಿಪೇರಿ ಅಕ್ಕ ಮನೆಯಲ್ಲಿ ಗಟ್ಟಿಯಾಗಿ ಒಂದು ಸಾಲು ಓದಿದವಳಲ್ಲ.

ದರ್ಜಿಯ ಮನೆಯಿಂದ ಹೊರಬಿದ್ದವಳಿಗೆ ನೇರ ಹೋಗಿ ನಾದಿನಿಯ ಜುಟ್ಟು ಹಿಡಿಯಬೇಕೆನಿಸಿತು. ಆದರೆ ನಾಲ್ಕು ಗೋಡೆಯ ನಡುವೆ ಜಗಳವಾಡಿದರೆ ನಾಲ್ಕು ಗೋಡೆಯ ನಡುವೆಯೇ ಮುಚ್ಚಿಹಾಕುತ್ತಾರೆ. ಹಲ್ಲು ಕಚ್ಚಿ ಸುಮ್ಮನಾದಳು. ನಾದಿನಿ ಬಂದಾಗಲೆಲ್ಲ ನಗುನಗುತ್ತಲೇ ಚಹಾ ಕೊಟ್ಟಳು. ಒಳಗೆ ಮಾತ್ರ ಸಿಟ್ಟು ಬೂದಿಯೊಳಗಿನ ಕೆಂಡದ ಹಾಗೆ ಕೂತಿತ್ತು.

ಕಾದದ್ದಕ್ಕೆ ಕಾಲ ಕೂಡಿಬಂತು. ಆ ಕಥೆಗಳಿಗಾಗಿ ಗ್ರಂಥಾಲಯದವರು ನಾದಿನಿಗೆ ಸನ್ಮಾನ ಇಟ್ಟುಕೊಂಡರು. ಸಭೆ ತುಂಬಿ, ಕಥೆ ಕೇಳಿಸುವ ಹೊತ್ತಿಗೆ, ಅವಳು ತನ್ನ ರೆಕಾರ್ಡಿಂಗ್ ಕೋಣೆಯಿಂದ ತಂದಿದ್ದ ಕಂಪ್ಯೂಟರ್ ಮೂಕವಾಯಿತು. ನಾದಿನಿ ಕಂಗಾಲಾಗಿ ಫೋನ್ ಮಾಡಿದಳು. "ಅತ್ತಿಗೆ, ಹೇಗಿದ್ದೀರೋ ಹಾಗೇ ಓಡಿಬನ್ನಿ. ಮರ್ಯಾದೆ ಪ್ರಶ್ನೆ!"

ರಿಪೇರಿ ಅಕ್ಕ ಓಡಲಿಲ್ಲ. ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು ಹೋದಳು. ಸಭೆಯ ಎರಡನೇ ಸಾಲಿನಲ್ಲಿ ಗಂಡ ಕೂತಿದ್ದ. ತಂಗಿಯ ಸನ್ಮಾನಕ್ಕೆ ಬಂದಿದ್ದ. ಹೆಂಡತಿಗೆ ಮಾತ್ರ ಆಫೀಸಿನಲ್ಲಿ ಕೆಲಸವಿದೆ ಎಂದಿದ್ದ.

"ಪರೀಕ್ಷೆಗೆ ಯಾವ್ದಾದ್ರೂ ಹಾಡು ಹಾಕಿ," ಎಂದು ನಾದಿನಿ ಪಿಸುಗುಟ್ಟಿದಳು. "ಆ ಕಥೆ ಫೈಲು ಮುಟ್ಬೇಡಿ. ಸರಿಮಾಡಿ ಹೊರಟುಬಿಡಿ ಅತ್ತಿಗೆ, ನಿಮಗ್ಯಾಕೆ ತೊಂದ್ರೆ."

ತಪ್ಪು ಎಲ್ಲಿದೆಯೆಂದು ಮೊದಲ ನೋಟಕ್ಕೇ ತಿಳಿಯಿತು. ಗೋಡೆಯ ಮೇಲೆ ಚಿತ್ರ ಬೀಳಿಸಲು ಪ್ರೊಜೆಕ್ಟರ್ ಜೋಡಿಸಿದ್ದರು. ಸದ್ದೆಲ್ಲ ಸ್ಪೀಕರಿಗೆ ಹೋಗುವ ಬದಲು, ಬಾಯಿಲ್ಲದ ಆ ಪ್ರೊಜೆಕ್ಟರಿಗೆ ಹೋಗುತ್ತಿತ್ತು. ಒಂದು ಗುಂಡಿ ಒತ್ತಿದ್ದರೆ ಮುಗಿಯುತ್ತಿತ್ತು. ಅವಳು ಒತ್ತಲಿಲ್ಲ. ಮೇಜಿನಡಿ ತೂರಿಕೊಂಡಳು. ಸರಿಯಾಗಿದ್ದ ವೈರನ್ನು ಬಿಚ್ಚಿ, ಊದಿ, ಮತ್ತೆ ಸಿಕ್ಕಿಸಿದಳು. ಪಕ್ಕದಲ್ಲೇ ನಾದಿನಿಯ ಚಪ್ಪಲಿ ಚಡಪಡಿಸುತ್ತಿತ್ತು. ಆ ಸದ್ದು ಕೇಳುತ್ತ ಕೂರುವುದೇ ಒಂದು ಸುಖವಾಗಿತ್ತು.

ಕೊನೆಗೆ ಸಭೆಯ ಅಧ್ಯಕ್ಷರಿಗೇ ತಾಳ್ಮೆ ಕೆಟ್ಟಿತು. "ಯಂತ್ರ ಕೈಕೊಟ್ರೇನಂತೆ! ಕಥೆ ಹೇಳಿದವರೇ ಮುಂದಿದ್ದಾರಲ್ಲ. ಮೇಡಂ, ಮುಳ್ಳುಹಂದಿ ಕಥೆ ನೀವೇ ಹೇಳಿಬಿಡಿ."

ಸಭೆ ಚಪ್ಪಾಳೆ ತಟ್ಟಿತು. ನಾದಿನಿಯ ಮುಖ ಬಿಳಿಚಿಕೊಂಡಿತು. "ಗಂಟಲು... ಬೆಳಗ್ಗೆಯಿಂದ ಗಂಟಲು ಕಟ್ಟಿದೆ."

ರಿಪೇರಿ ಅಕ್ಕ ಸೀರೆ ಕೊಡವುತ್ತ ಮೇಜಿನಡಿಯಿಂದ ಎದ್ದಳು. "ನಾನು ಹೇಳ್ಲಾ?"

"ಅತ್ತಿಗೆ, ಬೇಡ," ಎಂದು ನಾದಿನಿ ಅನ್ನುವಷ್ಟರಲ್ಲಿ ಅವಳು ಶುರುಮಾಡಿಯೇಬಿಟ್ಟಿದ್ದಳು. ಎಷ್ಟೋ ಕಾಲದಿಂದ ಮುಚ್ಚಿಟ್ಟಿದ್ದ ಧ್ವನಿ ಮೊದಲು ಸ್ವಲ್ಪ ತಡವರಿಸಿತು, ಆಮೇಲೆ ಬಿಚ್ಚಿಕೊಂಡಿತು. ಮುಳ್ಳುಹಂದಿಗೆ ನೆಗಡಿಯಾಗುವ ಕಡೆ ಅವಳು ಮೂಗು ಸೊಟ್ಟ ಮಾಡಿ, "ಆ... ಆ... ಪ್ಸಿಚ್!" ಎಂದು ಸೀನಿದಾಗ ಮಕ್ಕಳು ಬಿದ್ದುಬಿದ್ದು ನಕ್ಕರು.

"ಥೇಟ್ ಮೇಡಂ ಥರಾನೇ ಸೀನಿದ್ರಲ್ರೀ!" ಎಂದರು ಅಧ್ಯಕ್ಷರು. "ಅವರ ಹತ್ರ ಕಲಿತಿರಾ?"

"ಸ್ವಲ್ಪ ತಡೀರಿ. ಕಂಪ್ಯೂಟರನ್ನೇ ಕೇಳೋಣ."

ಗುಂಡಿ ಒತ್ತಿದಳು. ಆದರೆ ಸಭೆಗೆಂದು ತೆಗೆದಿಟ್ಟ ಫೈಲನ್ನು ಹಾಕಲಿಲ್ಲ. ಅದರ ಪಕ್ಕದಲ್ಲೇ, ಇನ್ನೂ ಕತ್ತರಿಸದ ಮೊದಲ ರೆಕಾರ್ಡಿಂಗ್ ಇತ್ತು. ಅದನ್ನು ತೆರೆದು ಸೀನಿನ ಜಾಗಕ್ಕೆ ಸರಿಸಿದಳು. ಸ್ಪೀಕರಿನಿಂದ ಅದೇ "ಪ್ಸಿಚ್" ಬಂತು. ಅದರ ಹಿಂದೆಯೇ, ಸಭೆಯೆಲ್ಲ ತುಂಬುವಂತೆ, ನಾದಿನಿಯ ಧ್ವನಿ: "ತುಂಬಾ ಚೆನ್ನಾಗಿದೆ ಅತ್ತಿಗೆ! ಆ ಸೀನು ಮಾತ್ರ ಇನ್ನೊಂದ್ಸಲ ಸೀನಿಬಿಡಿ."

ಯಾರೋ ಕಿಸಕ್ಕನೆ ನಕ್ಕು, ಅಲ್ಲಿಗೇ ನುಂಗಿಕೊಂಡರು. ಅಧ್ಯಕ್ಷರು ಕೈಯಲ್ಲಿದ್ದ ಹಾರವನ್ನು ಎಲ್ಲಿಡಬೇಕೆಂದು ತಿಳಿಯದೆ ಕುರ್ಚಿಯ ಮೇಲಿಟ್ಟರು.

ನಾದಿನಿ ಅವಳನ್ನು ಬಾಗಿಲ ಮರೆಗೆ ಎಳೆದುಕೊಂಡು ಹೋಗಿ ಅತ್ತಳು. "ಮನೇಲೇ ಕೇಳ್ಬೋದಿತ್ತಲ್ಲ ಅತ್ತಿಗೆ. ಹೀಗೆ ನಾಲ್ಕು ಜನರ ಮುಂದೆ..."

"ನೀನು ಮನೇಲೇ ಇಟ್ಕೊಂಡಿದ್ರೆ ಮನೇಲೇ ಕೇಳ್ತಿದ್ದೆ ಕಣೇ. ಊರಿಗೆಲ್ಲ ಹಂಚಿದೆ. ಊರ ಮುಂದೆ ಕೇಳ್ದೆ." ಅಯ್ಯೋ ಪಾಪ ಅನ್ನಿಸುತ್ತದೇನೋ ಎಂದು ಅವಳು ಒಂದು ಗಳಿಗೆ ತನ್ನೊಳಗೆ ಹುಡುಕಿಕೊಂಡಳು. ಅನ್ನಿಸಲಿಲ್ಲ. ಬೇಸಿಗೆಯಲ್ಲಿ ತಣ್ಣೀರು ಕುಡಿದಂತಿತ್ತು.

ಮೆಟ್ಟಿಲ ಹತ್ತಿರ ಗಂಡ ತಲೆ ತಗ್ಗಿಸಿ ನಿಂತಿದ್ದ. ಅವಳಿಗೆ ಆಗ ಹೊಳೆಯಿತು. ಹೆಂಡತಿಯ ಧ್ವನಿ ಗುರುತು ಸಿಗದ ಗಂಡ ಎಲ್ಲಿದ್ದಾನೆ?

"ನಿಮಗೆ ಗೊತ್ತಿತ್ತು, ಅಲ್ವೇನ್ರೀ?"

"ತಂಗಿ ಅಲ್ವಾ... ಮನೆ ಒಡೀಬಾರ್ದು ಅಂತ ಸುಮ್ನಿದ್ದೆ."

"ಸರಿ. ಬನ್ನಿ ಮನೆಗೆ," ಎಂದಳು ಅವಳು, ತೀರಾ ಮೆತ್ತಗೆ. "ಇವತ್ತು ನಿಮ್ಮಮ್ಮನ ಮುಂದೆ, ನೀವು ಸುಮ್ನಿದ್ದ ಕಥೆ ನೀವೇ ಹೇಳ್ತೀರಿ. ನಾನು ಕೂತು ಕೇಳ್ತೀನಿ."