ಎಡಬದಿ ನನ್ನದು

ನನಗೆ ಮುದುಕವ್ವ ಎಂದು ಹೆಸರಿಟ್ಟ ಪುಣ್ಯವಂತರು ತೊಟ್ಟಿಲಲ್ಲೇ ನನ್ನನ್ನು ಮುದುಕಿ ಮಾಡಿ ಹೋದರು. ಹಲಗೇರಿಗೆ ಸೊಸೆಯಾಗಿ ಬಂದ ಮೇಲೆ ಮೂವತ್ತೊಂದು ವರ್ಷ ನಾನು ಕಂಡ ದೇಶವೆಂದರೆ ಒಲೆ, ಹಿತ್ತಿಲು, ರಾಣೇಬೆನ್ನೂರಿನ ಸಂತೆ. ಗಂಡನ ಹೆಸರು ಹೇಳಬಾರದಂತೆ, ನಾನು ಹೇಳುವವಳೇ. ಮೈಲಾರೆಪ್ಪ. ಲಾರಿ ಡ್ರೈವರ್. ಮನೆಗೆ ಬಂದಾಗಲೆಲ್ಲ ಪುಣೆ, ಇಂದೋರ್, ಮಂಗಳೂರು ಎಂದು ಕತೆ ಹೇಳುತ್ತಿದ್ದರು. ನಾನು ರೊಟ್ಟಿ ಬಡಿಯುತ್ತ ಹೂಂಗುಟ್ಟುತ್ತಿದ್ದೆ, ಹೊಟ್ಟೆ ಮಾತ್ರ ಧಗಧಗ ಉರಿಯುತ್ತಿತ್ತು.

ಎರಡು ಸಾವಿರದ ಮೂರರಲ್ಲಿ ಲಾರಿ ಬಿಟ್ಟರು. ಹಾವೇರಿಯ ಗುಜರಿಯಲ್ಲಿ ಬಿದ್ದಿದ್ದ ಹಳೇ ಮಟಾಡೋರ್ ವ್ಯಾನೊಂದನ್ನು ತಂದರು. ಒಂದು ಕಾಲಕ್ಕೆ ಊರೂರು ಸುತ್ತಿ ಸೋಪಿನ ಜಾಹೀರಾತು ಕೂಗುತ್ತಿದ್ದ ಗಾಡಿ. ಅದರೊಳಗೆ ಹಲಗೆಯ ಮಂಚ ಹೊಡೆದರು, ಸ್ಟೋವಿಗೆ ಗೂಡು ಮಾಡಿದರು, ನನ್ನ ಹಳೇ ಸೀರೆಯನ್ನೇ ಪರದೆ ಕಟ್ಟಿದರು. "ಮುದುಕವ್ವನ ಮನಿಗೆ ಗಾಲಿ ಬಂದಾವ ನೋಡ್ರಿ" ಎಂದು ಓಣಿಯವರು ನಕ್ಕರು. ನಗಲಿ. ಕೋಶ ಓದಬೇಕು, ದೇಶ ಸುತ್ತಬೇಕು ಎನ್ನುತ್ತಾರಲ್ಲ. ಓದು ನನಗೆ ಒಲಿದಿರಲಿಲ್ಲ, ಸುತ್ತುವುದನ್ನಂತೂ ಬಿಡುವವಳಲ್ಲ.

ಐರಣಿಯ ಹೊಳೆದಂಡೆಯಲ್ಲಿ ಝುಣಕ ಮಾಡಿಕೊಂಡು ಉಂಡೆವು. ಕಾರವಾರದಲ್ಲಿ ಸಮುದ್ರ ಕಂಡು ಮೊದಲು ಹೆದರಿದೆ, ಆಮೇಲೆ ನಕ್ಕೆ, ಕೊನೆಗೆ ಅತ್ತುಬಿಟ್ಟೆ. "ಕೆಟ್ಟ ರಸ್ತ್ಯಾಗ ತಾಳ್ಮಿ ಕಲೀಬೇಕು, ಚಲೋ ರಸ್ತ್ಯಾಗ ಬ್ರೇಕ್ ಕಲೀಬೇಕು" ಎನ್ನುತ್ತಿದ್ದರು ಅವರು. ನಾನು ಕಲಿತದ್ದು ಒಂದೇ: ಇನ್ನೂ ಬೇಕು ಎನ್ನುವುದು.

ಎರಡನೇ ವರ್ಷ ಅವರ ಎಡಭುಜ ಬಾಗಿಲ ಚೌಕಟ್ಟಿಗೆ ಬಡಿಯತೊಡಗಿತು. ಹಾವೇರಿಯ ಕಣ್ಣಿನ ಡಾಕ್ಟರು ದೀಪ ಹಿಡಿದು ನೋಡಿದರು. ಕಣ್ಣಿನ ನರ ಒಣಗಿದೆ, ಎದುರಿನದು ಕಾಣುತ್ತದೆ, ಬದಿಯದು ಕಾಣುವುದಿಲ್ಲ, ಹೋದ ನೋಟ ಮರಳಿ ಬರುವುದಿಲ್ಲ ಎಂದರು.

"ಇನ್ನ ಸ್ಟೇರಿಂಗ್ ಮುಟ್ಟಬ್ಯಾಡ್ರಿ ಮೈಲಾರೆಪ್ಪನವರ. ಯಾರನ್ನರ ಕೊಂದಗಿಂದೀರಿ."

ಮೆಟ್ಟಿಲಿಳಿಯುತ್ತ ಅವರು ಗಾಡಿಯ ಕೀಲಿಯನ್ನು ನನ್ನ ಕೈಗಿಟ್ಟರು. "ಮುಗೀತು ಬಿಡು. ಮಾರಿಬಿಡೂಣು."

ಅಲ್ಲಿಗೆ ನಾನು ಹೂಂ ಎಂದಿದ್ದರೆ ಆಗುತ್ತಿತ್ತು. ಆದರೆ ಒಲೆ, ಹಿತ್ತಿಲು, ಸಂತೆ ಮತ್ತೆ ಕಣ್ಣಮುಂದೆ ಬಂದವು.

"ಬಲಕ ನೀವ ಕುತ್ತಿಗಿ ಹೊಳ್ಳಿಸಿ ನೋಡ್ರಿ. ಎಡಕ ನಾ ನೋಡತೀನಿ. ನಾ ಏನ್ ಸತ್ತೀನೇನು?" ಎಂದು ಕೀಲಿ ಹಿಂದಕ್ಕೆ ಕೊಟ್ಟೆ.

ಬೇಡವೇ ಬೇಡ ಎಂದರು. ಎರಡು ದಿನ ನಾನು ಮಾತು ಬಿಟ್ಟೆ. ಮೂರನೇ ದಿನ ಗಾಡಿ ಹೊರಟಿತು.

ಹೊಸರಿತ್ತಿಗೆ ಹೋಗಿ ಬಂದೆವು. ಎಡಕ ಸೈಕಲ್, ಎಡಕ ಎಮ್ಮಿ, ಎಡಕ ಅಜ್ಜ ಎಂದು ಗಂಟಲು ಹರಿಯುವಂತೆ ಕೂಗಿದೆ. ಏನೂ ಆಗಲಿಲ್ಲ. ಏನೂ ಆಗದಿದ್ದದ್ದೇ ಕೆಟ್ಟದ್ದಾಯಿತು, ನನಗೆ ಕೊಬ್ಬು ಬಂತು.

ಫೆಬ್ರವರಿಯಲ್ಲಿ ಬ್ಯಾಡಗಿಗೆ ಹೊರಟೆವು. ಊರು ಹತ್ತಿರ ಬಂದಾಗ ರಸ್ತೆಯ ಬಲಕ್ಕೆ ಬಯಲಿಗೆ ಬಯಲೇ ಮೆಣಸಿನಕಾಯಿ ಒಣಹಾಕಿದ್ದರು. ವರ್ಷವರ್ಷವೂ ಖಾರ ಕುಟ್ಟಿದವಳು ನಾನು. ಅಷ್ಟು ಕೆಂಪನ್ನು ಒಟ್ಟಿಗೆ ಕಂಡಿರಲಿಲ್ಲ. ಅವರ ಆಚೆಗಿನ ಕಿಟಕಿಯತ್ತ ಬಾಗಿ ನೋಡುತ್ತ ಕುಳಿತುಬಿಟ್ಟೆ.

ಎದುರಿಗೆ ಲಾರಿ ಬಂತು. ದಾರಿ ಬಿಡಬೇಕಿತ್ತು.

"ಎಡಕ ಏನೈತಿ?" ಎಂದು ಕೇಳಿದರು.

ನಾನು ತಿರುಗಲೂ ಇಲ್ಲ. "ಏನಿಲ್ಲ, ಹೊಡೀರಿ" ಎಂದೆ.

ಹೆಂಗಸರು ಚೀರಿದರು. ಗಾಡಿ ಮೆತ್ತಗಿನ ಯಾವುದರ ಮೇಲೋ ಏರಿ ನಿಂತಿತು. ನಾನು ಧುಮುಕಿದೆ. ರಸ್ತೆಯಂಚಿನಲ್ಲಿ ಐದಾರು ಹೆಂಗಸರು ಕಾಯಿಯ ತೊಟ್ಟು ಬಿಡಿಸುತ್ತ ಕುಳಿತಿದ್ದರಂತೆ. ಅವರ ರಾಶಿಯ ಮೇಲೆ ನಮ್ಮ ಗಾಡಿ ಹತ್ತಿತ್ತು. ಗಾಲಿಯಿಂದ ಗೇಣು ದೂರದಲ್ಲಿ, ಗೋಣಿತಟ್ಟಿನ ಮೇಲೆ, ಒಂದು ಕೂಸು ಮಲಗಿತ್ತು. ಘಾಟಿಗೆ ಅದು ಕೆಮ್ಮಿತು. ಆ ಕೆಮ್ಮು ಕೇಳಿದ ಮೇಲೆಯೇ ನನ್ನ ಜೀವ ಮರಳಿ ಬಂತು.

ಇಪ್ಪತ್ತರ ಆಸುಪಾಸಿನ ತಾಯಿ ಓಡಿಬಂದು ಕೂಸನ್ನು ಬಾಚಿಕೊಂಡಳು. ನನ್ನ ಗಂಡ ಗಾಡಿಯ ಮೈ ತಡವುತ್ತ ಬಂದರು. "ಯಾರಿಗೇನಾತು? ಹೇಳ್ರಿ, ಯಾರಿಗೇನಾತು?" ಎನ್ನುತ್ತ ಕಾಯಿಗಳನ್ನು ತುಳಿಯುತ್ತಿದ್ದರು. ಹೆಂಗಸರು ಅವರ ಅಂಗಿ ಹಿಡಿದು ಜಗ್ಗಿದರು.

"ಕುಡದೀಯೇನೋ ಮುದಿಯಾ? ಕೂಸು ಸಾಯತಿತ್ತಲ್ಲೋ!"

"ತಪ್ಪು ನಂದ್ರಿ" ಎಂದು ಅವರು ಕೈಮುಗಿದರು. ಯಾರನ್ನು ಕೇಳಿ ಗಾಡಿ ಎಡಕ್ಕೆ ಸರಿಸಿದ್ದರೋ ಆ ಮಾತು ಎತ್ತಲೇ ಇಲ್ಲ.

ಸುಮ್ಮನಿದ್ದರೆ ಉಳಿದುಕೊಳ್ಳುತ್ತೀಯ ಎಂದು ನನ್ನ ಮನಸ್ಸು ಹೇಳಿತು. ಖರೇ ಹೇಳುತ್ತೇನೆ, ಒಂದು ಗಳಿಗೆ ಸುಮ್ಮನೇ ನಿಂತೆ. ಅಷ್ಟರಲ್ಲಿ ಯಾರೋ ಅವರ ಕೆನ್ನೆಗೆ ಬಾರಿಸಿದರು. ಅವರು ತಲೆ ಎತ್ತಲಿಲ್ಲ. ನಾನು ನುಗ್ಗಿ ನಡುವೆ ನಿಂತೆ.

"ಹೊಡೀಬ್ಯಾಡ್ರವ್ವಾ. ಅವರಿಗೆ ಬದೀದು ಕಾಣಂಗಿಲ್ಲ. ಡಾಕ್ಟರು ಬ್ಯಾಡ ಅಂದಿದ್ರು, ನಾನ ಹಟ ಮಾಡಿ ಹೊಂಡಿಸೀನಿ. ಎಡಕ ಏನೂ ಇಲ್ಲ ಅಂದಾಕಿ ನಾನ."

ಅಂಗಿ ಹಿಡಿದಿದ್ದ ಕೈಗಳು ಸಡಿಲಾದವು. ಕೂಸನ್ನು ಸೆರಗಿನೊಳಗೆ ಮುಚ್ಚಿಕೊಂಡ ತಾಯಿ ನನ್ನ ಹತ್ತಿರ ಬಂದಳು. ಹೊಡೆಯುತ್ತಾಳೆಂದು ನಿಂತೇ ಇದ್ದೆ. ಹೊಡೆದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಮೆಲ್ಲಗೆ ಕೇಳಿದಳು:

"ಅವರಿಗೆ ಕಾಣಂಗಿಲ್ಲ, ಖರೇ. ನಿನಗ ಕಾಣತೈತೆಲ್ಲ ಬೇ?"