ಬಸ್ಸು ಹತ್ತುವವರೆಗೆ ತೆರೆಯಬಾರದು

ಝರ್ರ್, ಟಕ್ ಎಂದು ಗಂಟಲಿನಲ್ಲೇ ಮೋಟರು ಓಡಿಸಿ, ಅಂಗೈಯಲ್ಲಿ ಅಡಗಿಸಿಟ್ಟಿದ್ದ ಬಿಳಿ ರಟ್ಟಿನ ಚೌಕವನ್ನು ಅವನು ತಕ್ಷಣ ಫೋಟೋ ಕೊಡುವ ಕ್ಯಾಮೆರಾದ ಬಾಯಿಂದ ಹಿರಿದಂತೆ ಹಿರಿದ. ಮಕ್ಕಳು ಉಸಿರು ಬಿಗಿಹಿಡಿದರು. ಫ್ಲಾಷ್ ಕ್ಯಾಮೆರಾದ್ದು. ಸದ್ದು ಅವನದು.

ಆಮೇಲೆ ವಿವರಣೆ. ಹಾಳೆಯ ಅಂಚಿನಲ್ಲಿ ಪುಟ್ಟ ಚೀಲವೊಂದು ಇರುತ್ತದೆ. ಎರಡು ಉರುಳೆಗಳ ನಡುವೆ ಹಿಂಡಿಸಿಕೊಂಡು ಬರುವಾಗ ಅದು ಒಡೆದು ರಾಸಾಯನಿಕ ಹಾಳೆಯ ತುಂಬ ಸವರಿಕೊಳ್ಳುತ್ತದೆ. ಬೆಳಕು ಮುಟ್ಟಿದಲ್ಲಿ ಬಣ್ಣ ಕೆಳಗೇ ಉಳಿಯುತ್ತದೆ, ಮುಟ್ಟದ ಕಡೆ ಮೇಲೇರುತ್ತದೆ. ಪ್ರತಿ ಮಾತೂ ನಿಜ. ಚೌಕವನ್ನು ಕಪ್ಪು ಕವರಿಗೆ ಹಾಕಿ ಕೊಡುತ್ತ, ಬಸ್ಸು ಹತ್ತುವವರೆಗೆ ತೆರೆಯಬಾರದು ಎಂದು ಬೆರಳೆತ್ತಿ ಹೇಳಿದ. ಬಸ್ಸು ಹತ್ತಿದ ಮಕ್ಕಳು ಇಳಿದು ಬರುವುದಿಲ್ಲ.

ವಿಜ್ಞಾನ ಕೇಂದ್ರಕ್ಕೆ ಫಿಲ್ಮು ಬರುವುದು ನಿಂತು ಹದಿನಾಲ್ಕು ವರ್ಷವಾಗಿತ್ತು. ಹೊಸ ದಾಸ್ತಾನು ಬರುವ ತನಕ ಹೇಗಾದರೂ ಅಡ್ಜಸ್ಟ್ ಮಾಡಿಕೊಳ್ಳಿ ಎಂದಿದ್ದ ಮೇಲ್ವಿಚಾರಕರು ನಿವೃತ್ತರಾಗಿದ್ದರು. ಫಿಲ್ಮು ಮುಗಿದರೂ ಸಿನಿಮಾ ನಿಂತಿರಲಿಲ್ಲ. ಒಬ್ಬರೂ ದೂರು ತಂದಿರಲಿಲ್ಲ. ವಿಜ್ಞಾನ ತಪ್ಪಿತೆಂದು ಯಾರು ತಾನೇ ನಂಬುತ್ತಾರೆ? ತಾವೇ ತಪ್ಪಿದೆವೆಂದು ಕವರು ಮಡಚುತ್ತಾರೆ.

ಸಹೋದ್ಯೋಗಿಗಳು ಅವನನ್ನು ಟೇಪ್‌ರೆಕಾರ್ಡರ್ ಎಂದು ಕರೆಯುತ್ತಿದ್ದರು. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು. ಬೆಳಿಗ್ಗೆ ಹೆಂಡತಿ, ಒಂದ್ಸಲ ನಿಮ್ಮ ದನಿಯಲ್ಲಿ ಮಾತಾಡಿ ನೋಡೋಣ, ಎಂದಿದ್ದಳು. ಯಾವುದದು ಎಂದು ಹೊಳೆಯದೆ ಅವನು ಸೋರುವ ನಲ್ಲಿಯಂತೆ ಬಾಯಲ್ಲೇ ತೊಟ್ಟಿಕ್ಕಿದ್ದ. ಅವಳು ನಗದೆ ಎದ್ದುಹೋಗಿ ನಲ್ಲಿ ತಿರುಗಿಸಿ ನೋಡಿದ್ದಳು.

ಮಕ್ಕಳ ಸಾಲು ಪಕ್ಕದ ಕಾಲಯಾನದ ಕೋಣೆಗೆ ಸರಿಯಿತು. ಒಬ್ಬಳು ಉಳಿದಳು. ಇಪ್ಪತ್ತರ ಆಸುಪಾಸು, ಕತ್ತಿನಲ್ಲಿ ಯಾವುದೋ ಆಫೀಸಿನ ಕಾರ್ಡು.

"ಸರ್, ಒಂದು ಡೌಟು," ಎಂದಳು. "ಇದು ಇನ್ನೂ ಬಂದಿಲ್ಲ."

ಕಪ್ಪು ಕವರು. ಒಳಗೆ ಅಂಚು ಹಳದಿಗಟ್ಟಿದ ಬಿಳಿ ಚೌಕ. ಒಂದು ಮೂಲೆ ಸೊಟ್ಟಗಿತ್ತು. ಅವನ ಕತ್ತರಿ ಮೊದಲಿನಿಂದಲೂ ಅಲ್ಲಿ ಎಡವುತ್ತದೆ.

ಅವಳು ದೂರುವ ದನಿಯಲ್ಲಿ ಹೇಳಲಿಲ್ಲ. ಮೂರನೆಯ ತರಗತಿಯಲ್ಲಿ ಶಾಲೆಯವರ ಜೊತೆ ಬಂದಿದ್ದಳಂತೆ, ಅಣ್ಣನೂ ಇದ್ದನಂತೆ, ಇಬ್ಬರನ್ನೂ ಇಲ್ಲೇ ನಿಲ್ಲಿಸಿ ತೆಗೆದದ್ದಂತೆ. ಮೆಟ್ಟಿಲ ಬಳಿಯೇ ಅವಳು ಕವರು ತೆರೆದುಬಿಟ್ಟಳು. ಹಾಳು ಮಾಡಿದೆ ಎಂದು ಅಣ್ಣ ಜಡೆ ಜಗ್ಗಿ, ದಾರಿಯುದ್ದಕ್ಕೂ ಮಾತು ಬಿಟ್ಟ. ಮುಂದಿನ ತಿಂಗಳು ಅವನಿಗೆ ಜ್ವರ ಬಂತು. ನಾಲ್ಕು ದಿನದ ಜ್ವರ.

"ನಾವಿಬ್ರೂ ಒಟ್ಟಿಗಿರೋದು ಇದೊಂದೇ ಸರ್. ಅಮ್ಮ ಇವತ್ತಿಗೂ ಅಂತಾಳೆ, ನೀನು ಎರಡು ನಿಮಿಷ ತಡ್ಕೊಂಡಿದ್ರೆ ಅವನು ಇರ್ತಿದ್ದ ಅಂತ." ಸ್ವಲ್ಪ ತಡೆದು, "ಫೋಟೋದಲ್ಲಿ ಅಂತ," ಎಂದಳು.

ಇದು ಬರೀ ರಟ್ಟು. ಮೂರೇ ಪದ. ಅವನು ಬಾಯಿ ತೆರೆದ. ಯಾವ ದನಿಯಲ್ಲಿ ಹೇಳುವುದು? ನಿವೃತ್ತ ಮೇಲ್ವಿಚಾರಕರದು ನಾಲಿಗೆಯ ತುದಿಗೆ ಬಂತು, ಆಮೇಲೆ ರೇಡಿಯೋದ ವಾರ್ತೆಯವನದು.

"ಅವತ್ತು ಚಳಿ ಇತ್ತಾ?" ಎಂದು ಕೇಳಿದ.

"ಇತ್ತು. ಸ್ವೆಟರ್ ಹಾಕಿದ್ವಿ."

"ಅದೇ ಮತ್ತೆ. ಚಳಿಗೆ ರಾಸಾಯನಿಕ ನಿಧಾನ ಆಗುತ್ತೆ. ನೀವು ಬೇಗ ತೆಗೆದದ್ದಕ್ಕಲ್ಲ."

ಅವಳ ಭುಜ ಎರಡಂಗುಲ ಇಳಿಯಿತು. ಅವನಿಗೆ ಹಾಯೆನಿಸಿತು. ಹಾವೂ ಸತ್ತಿತ್ತು, ಕೋಲೂ ಮುರಿದಿರಲಿಲ್ಲ.

"ನಿಧಾನ ಅಂದ್ರೆ," ಅವಳೆಂದಳು, "ಇನ್ನೂ ಬರಬಹುದಾ?"

ಪಕ್ಕದ ಕೋಣೆಯಿಂದ ಮಕ್ಕಳ ಗದ್ದಲ ಕೇಳುತ್ತಿತ್ತು. ಅಲ್ಲಿಗೆ ಹೋಗಬೇಕು, ಮಕ್ಕಳು ಕಾಯುತ್ತಿದ್ದಾರೆ ಎಂದ. ಹಿಂದಿನ ಕಾಲಕ್ಕೆ ನಿಜವಾಗಲೂ ಹೋಗಲು ಬರುತ್ತದೆಯೇ ಎಂದು ಅವಳು ಕೇಳಿದಳು. ಸೂತ್ರದಲ್ಲಿ ಬರುತ್ತದೆ, ಸೂತ್ರಧಾರನ ಕೈಲಿ ಬರುವುದಿಲ್ಲ, ಎಂದು ಅವನು ದಿನದ ಜೋಕನ್ನೇ ಎಸೆದ. ದಿನವೂ ಅಲ್ಲಿ ಟೀಚರುಗಳು ನಗುತ್ತಾರೆ. ಅವಳು ಚೌಕವನ್ನು ಟ್ಯೂಬ್‌ಲೈಟಿಗೆ ಹಿಡಿದು ಓರೆಮಾಡುತ್ತಿದ್ದಳು.

"ಇಲ್ಲಿ ಸ್ವಲ್ಪ ಮಬ್ಬಾಗಿದೆಯಲ್ವಾ?"

ಬೆರಳಿನ ಜಿಡ್ಡು. ವರ್ಷಗಟ್ಟಲೆ ಅಲ್ಲೇ ಹಿಡಿದು ನೋಡಿದ್ದಿರಬೇಕು.

"ಹೌದು," ಎಂದ. "ಎಡಗಡೆ ಇರೋದು ನಿಮ್ಮಣ್ಣ."

ಅವಳು ಬಹಳ ಹೊತ್ತು ನೋಡಿದಳು.

"ಆದ್ರೆ ಅವನು ಈ ಕಿಟಕಿ ಕಡೆ ನಿಂತಿದ್ದ ಸರ್. ಬಲಗಡೆ ಬರಬೇಕಿತ್ತು."

ಇದು ಎರಡನೆಯ ಅವಕಾಶ. ಬಾಗಿಲು ತಾನಾಗಿ ತೆರೆದುಕೊಂಡಿತ್ತು, ದಾಟಿದರೆ ಸಾಕಿತ್ತು.

"ಕ್ಯಾಮೆರಾದೊಳಗೆ ಕನ್ನಡಿ ಇರುತ್ತಮ್ಮ," ಎಂದ. "ಎಡ ಬಲ ಆಗುತ್ತೆ, ಬಲ ಎಡ ಆಗುತ್ತೆ."

ಕನ್ನಡಿ ಇರುವುದು ಹಾಗಾಗದಿರಲೆಂದೇ. ಹತ್ತೊಂಬತ್ತು ವರ್ಷಗಳಿಂದ ಕೇಳಿದವರಿಗೆಲ್ಲ ಅದನ್ನು ಬಿಡಿಸಿ ಹೇಳಿದವನು ಅವನೇ. ಈವರೆಗಿನ ಸುಳ್ಳೆಲ್ಲ ರಟ್ಟಿನಲ್ಲಿತ್ತು, ವಿಜ್ಞಾನದ ಮಾತಿನಲ್ಲಿ ಇರಲಿಲ್ಲ. ಈಗ ಆ ಮಾತೂ ಹೋಯಿತು. ಹೋದದ್ದು ಎಷ್ಟು ಸಲೀಸಾಗಿತ್ತೆಂದರೆ ಸದ್ದೇ ಆಗಲಿಲ್ಲ.

"ಓ," ಎಂದಳು ಅವಳು. ಮುಖ ಅರಳಿತು. "ಹಾಗಾದ್ರೆ ಸರಿಹೋಯ್ತು. ಅಮ್ಮನಿಗೆ ತೋರಿಸ್ತೀನಿ."

ಅವಳು ಹೋದಳು. ಕೂಗಿ ಕರೆಯಬಹುದಿತ್ತು. ಹೆಸರು ಕೇಳಿರಲಿಲ್ಲ.

ಗಾಜಿನ ಬಾಗಿಲಿನಾಚೆ, ಮೆಟ್ಟಿಲ ಮೇಲೆ, ಇನ್ನೊಂದು ಶಾಲೆಯ ಮಕ್ಕಳು ಸಾಲು ನಿಂತಿದ್ದರು. ಒಂದು ಹುಡುಗಿ ಅವಳನ್ನು ಏನೋ ಕೇಳಿತು. ಅವಳು ಕುಕ್ಕರಗಾಲಿನಲ್ಲಿ ಕೂತು ಚೌಕವನ್ನು ಮುಂದೆ ಹಿಡಿದಳು. ಬಿಸಿಲಿಗೆ ಅದು ಕಣ್ಣು ಕುಕ್ಕುವಷ್ಟು ಬೆಳ್ಳಗಿತ್ತು. ಅವಳ ಬೆರಳು ಎಡಭಾಗದಲ್ಲಿ ಮೆಲ್ಲಗೆ ತಲೆ, ಭುಜ, ತೋಳು ತೋರಿಸುತ್ತ ಇಳಿಯಿತು. ಹುಡುಗಿ ಕಣ್ಣು ಕಿರಿದು ಮಾಡಿತು, ಆಮೇಲೆ ತಲೆಯಾಡಿಸಿತು. ಅದನ್ನು ನೋಡಿ ಪಕ್ಕದವಳು ತಲೆಯಾಡಿಸಿದಳು. ಅವಳ ಹಿಂದಿನವನು. ಅವನ ಹಿಂದಿನವನು. ಕೊನೆಗೆ ಟೀಚರು ಕನ್ನಡಕ ಸರಿಪಡಿಸಿಕೊಂಡು ಬಾಗಿ ನೋಡಿ, ಹೌದೆಂದು ತಲೆಯಾಡಿಸಿದರು.

ಗಾಜಿನ ಈಚೆ ಅವನ ಕತ್ತೂ ಚೌಕದತ್ತ ತಾನಾಗಿ ಚಾಚಿತು.